ಗೋಧಿ ಹಡಗನ್ನು ಮುಳುಗಿಸಿದವನು

ಶಿವಪ್ರಕಾಶನಿದ್ದ ಹಡಗು ಪರದೇಶದ ಕಡಲಲ್ಲಿ ಮುಳುಗಿದ ಮೇಲೆ ಅಲ್ಲಿಯ ನೌಕಾಪಡೆ ಒಂದು ಹೇಳಿಕೆ ಕೊಟ್ಟು ಕೈ ತೊಳೆದುಕೊಂಡಿತು. ಇಂಜಿನ್ ಕೋಣೆಯಲ್ಲಿ ಬೆಂಕಿ, ಕಾರಣ ಇಂಜಿನಿಯರನ ನಿರ್ಲಕ್ಷ್ಯ. ಆ ಇಂಜಿನಿಯರ್ ಶಿವಪ್ರಕಾಶನೇ. ಹೆಣವೂ ಸಿಗಲಿಲ್ಲವೆಂದು ನೌಕಾಪಡೆ ಹೇಳಿತು. ಹುನಗುಂದದ ಮನೆಯಲ್ಲಿ ಅವನ ತಾಯಿ ಗುರುಲಿಂಗವ್ವ, ಹೆಂಡತಿ ಬಸವೇಶ್ವರಿ ಉಳಿದರು. ಮಾತಾಡಿಸಲು ಬಂದವರಲ್ಲೊಬ್ಬರು, “ಇವನ ತಪ್ಪಿಗೆ ಉಳದವ್ರೂ ಸತ್ರಂತಲ್ಲ” ಎಂದು ಪಿಸುಗುಟ್ಟಿದ್ದು ಬಸವೇಶ್ವರಿಯ ಕಿವಿಗೆ ಬಿತ್ತು. ಅಂದೇ ಅವಳ ಅಳು ನಿಂತಿತು.

ಸಾಯುವ ಮುನ್ನಾದಿನ ಗಂಡ ಫೋನಿನಲ್ಲಿ ಹೇಳಿದ್ದು ಅವಳಿಗೆ ನೆನಪಿತ್ತು. “ಒಂದು ಸಣ್ಣ ದೋಣಿ ಬೆನ್ನ ಹತ್ತೇತಿ. ಒಳಗ ಒಬ್ಬರೂ ಕಾಣವಲ್ರು.”

ಅವಳು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದಳು. ನಕಾಶೆ ಓದುವುದು ಗೊತ್ತಿತ್ತು, ಉಳಿದದ್ದನ್ನು ಕಲಿತಳು. ಹಡಗುಗಳ ಚಲನೆ ತೋರಿಸುವ ತಾಣಗಳನ್ನು, ಯಾರು ಬೇಕಾದರೂ ನೋಡಬಹುದಾದ ಉಪಗ್ರಹ ಚಿತ್ರಗಳನ್ನು ಜಾಲಾಡಿದಳು. ಹಡಗು ಆ ನೌಕಾಪಡೆಯ ದೇಶಕ್ಕೆ ಶತ್ರುವಾಗಿದ್ದ ನೆರೆದೇಶದ ಬಂದರಿಗೆ ಗೋಧಿ ಒಯ್ಯುತ್ತಿತ್ತು. ಅದು ಮುಳುಗುವ ಮುಂಚೆ ಹತ್ತಿರದಲ್ಲೇ ಇದ್ದ ಆ ನೌಕಾಪಡೆಯ ಒಂದು ಯುದ್ಧನೌಕೆ ತಾನಿರುವ ಜಾಗ ತೋರಿಸುವ ಸಂಕೇತವನ್ನು ನಿಲ್ಲಿಸಿತ್ತು.

ಕೊನೆಗೆ ಆ ಕಡೆಯ ಮೀನುಗಾರನೊಬ್ಬ ಹಾಕಿದ್ದ ಅಲುಗಾಡುವ ವಿಡಿಯೊ ಸಿಕ್ಕಿತು. ಅದನ್ನು ಇಳಕಲ್ಲಿಗೆ ಒಯ್ದಳು. ಮದುವೆ ವಿಡಿಯೊ ಮಾಡುವ ಅಹ್ಮದಸಾಬ ಶಿವಪ್ರಕಾಶನ ಸಾಲೆಯ ಗೆಳೆಯ. ಅವನು ದೃಶ್ಯವನ್ನು ನಿಧಾನಗೊಳಿಸಿ, ಮಸುಕು ತೆಗೆದು, ಒಂದು ಕಡೆ ನಿಲ್ಲಿಸಿದ.

“ಅಕ್ಕಾರ, ಇಲ್ಲಿ ನೋಡ್ರಿ. ನೀರಾಗ ಬಿಳಿ ಗೆರಿ.”

ಗೆರೆಯ ತುದಿಯಲ್ಲಿ ಒಂದು ದೋಣಿ. ಅದರೊಳಗೆ ಯಾರೂ ಇರಲಿಲ್ಲ; ದೂರದಿಂದಲೇ ಯಾರೋ ನಡೆಸುತ್ತಿದ್ದರು. ಅದು ನೇರ ಹಡಗಿನ ಹೊಟ್ಟೆಗೆ ನುಗ್ಗಿತು, ಆಮೇಲೆ ಬೆಂಕಿ.

“ಇದು ಖೂನಿ ಐತ್ರಿ ಅಕ್ಕಾರ,” ಎಂದ ಅಹ್ಮದಸಾಬ.

“ಖೂನಿ ಮಾಡಿದವನ ಮಾರಿ ನೋಡಬೇಕು ನಾ,” ಎಂದಳು ಬಸವೇಶ್ವರಿ.

ಆ ಮುಖವನ್ನು ಹೊರಗೆ ತಂದಿದ್ದು ನೌಕಾಪಡೆಯವರದೇ ಹೆಮ್ಮೆ. ಆ ಯುದ್ಧನೌಕೆಯ ಸೈನಿಕನೊಬ್ಬ ಪದಕ ಪ್ರದಾನದ ಫೋಟೊ ಹಾಕಿಕೊಂಡಿದ್ದ. ಅವನ ಬೆನ್ನ ಹಿಂದೆ ಅದೇ ಬಗೆಯ ದೋಣಿ, ಅದರ ಪಕ್ಕದಲ್ಲಿ ನಗುತ್ತ ನಿಂತ ಕಮಾಂಡರ್. ಕೆಳಗೆ, ‘ಗೋಧಿ ಕೊಯ್ಲು ಮುಗಿಸಿದ ನಮ್ಮ ಸಾಹೇಬರು’ ಎಂದು ಬರೆದಿತ್ತು. ಬಸವೇಶ್ವರಿ ಅದನ್ನು ಮತ್ತೆ ಮತ್ತೆ ಓದಿದಳು.

ಇಂಥ ಗುಪ್ತ ಕಾರ್ಯಾಚರಣೆಗಳನ್ನು ಬಯಲಿಗೆಳೆಯುವ ವಿದೇಶಿ ತಂಡವೊಂದಕ್ಕೆ ಎಲ್ಲವನ್ನೂ ಕಳಿಸಿದಳು. ಅವರು ವಿಡಿಯೊದ ಗುಡ್ಡಗಳನ್ನು, ನೆರಳುಗಳನ್ನು ಉಪಗ್ರಹ ಚಿತ್ರಗಳೊಂದಿಗೆ ತಾಳೆ ನೋಡಿ, ಖರೆ ಎಂದರು. ಪ್ರಕಟಣೆಗೆ ಮುಂಚೆ ನೌಕಾಪಡೆಯ ಉತ್ತರ ಕೇಳಿದರು. ಉತ್ತರದ ಬದಲು ಬಸವೇಶ್ವರಿಗೇ ಫೋನು ಬಂತು. ಅವಳು ಮಾತನ್ನು ರೆಕಾರ್ಡ್ ಮಾಡತೊಡಗಿದಳು.

ಆ ಕಡೆ ಕಮಾಂಡರನ ವಕೀಲ. ಮೆತ್ತಗಿನ ಇಂಗ್ಲಿಷಿನಲ್ಲಿ ಹೇಳಿದ: “ನಿಮ್ಮ ಗಂಡನ ಶವ ದಡಕ್ಕೆ ಬಂದಿತ್ತು. ಹೂಳಿದ ಜಾಗ ನಮ್ಮ ಕಕ್ಷಿದಾರರಿಗೆ ಗೊತ್ತು. ವರದಿಯಿಂದ ಅವರ ಹೆಸರು ತೆಗೆಸಿ, ಜಾಗ ತಿಳಿಸುತ್ತೇವೆ.”

ಬಸವೇಶ್ವರಿ ಫೋನಿಟ್ಟಳು. ಅತ್ತೆಯ ಮುಂದೆ ಕುಕ್ಕರಿಸಿ ಎಲ್ಲ ಹೇಳಿದಳು. ಮಗನಿಗೆ ಒಂದು ಹಿಡಿ ಮಣ್ಣು ಹಾಕಲಾಗಲಿಲ್ಲವೆಂದು ಗುರುಲಿಂಗವ್ವ ಕೊರಗದ ದಿನವಿರಲಿಲ್ಲ.

“ಕೊಂದವರು ಮಣ್ಣ ಕೊಟ್ಟಾರು,” ಎಂದಳು ಮುದುಕಿ. “ಆದ್ರ ನನ್ನ ಮಗಾ ತಪ್ಪ ಮಾಡಿದವ ಅಂತ ಮಣ್ಣಾಗ ಮಲಗಬೇಕೇನು? ಹೆಸರು ತಗೀಬ್ಯಾಡ, ಬಸವ್ವಾ. ದೊಡ್ಡ ಅಕ್ಷರದಾಗ ಹಾಕ್ಸು.”

ಬಸವೇಶ್ವರಿ ಕಮಾಂಡರನ ಹೆಸರನ್ನೂ ಹಾಕಿಸಿದಳು, ವಕೀಲನ ಆ ಮಾತನ್ನೂ ಜಗತ್ತಿಗೆ ಕೇಳಿಸಿದಳು. ವಿಡಿಯೊ ಸುಳ್ಳೆಂದು ವಾದಿಸಲು ಸಜ್ಜಾಗಿದ್ದ ನೌಕಾಪಡೆಗೆ ಸಿಗಲಿಲ್ಲವೆಂದಿದ್ದ ಶವವನ್ನು ಹೂಳಿದ ಮಾತನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಹಡಗಿನವರ ತಪ್ಪಿಲ್ಲವೆಂದು ಒಪ್ಪಿಕೊಂಡಿತು. ಹಡಗು ನೋಂದಣಿಯಾಗಿದ್ದ ದೇಶದ ನ್ಯಾಯಾಲಯ ಕಮಾಂಡರನ ಬಂಧನಕ್ಕೆ ವಾರಂಟ್ ಹೊರಡಿಸಿತು. ಅವನಿಗೆ ತನ್ನ ದೇಶದ ಗಡಿ ದಾಟುವುದು ಅಸಾಧ್ಯವಾಯಿತು. ಹುನಗುಂದದಲ್ಲಿ ಅಂದು ಪಿಸುಗುಟ್ಟಿದವರು ಮನೆಗೆ ಬಂದರು. ಬಸವೇಶ್ವರಿ ಅವರಿಗೆ ಚಹಾ ಕೊಡಲಿಲ್ಲ.

ಮುಂದೆ ಕಮಾಂಡರನ ಮಗಳ ಮದುವೆ ಪರದೇಶದಲ್ಲಾಯಿತು. ಅಪ್ಪನಿಗೆ ಹೋಗಲಾಗಲಿಲ್ಲ. ಬೀಗರು ಹಾಕಿದ ಫೋಟೊ ಬಸವೇಶ್ವರಿಗೆ ಸಿಕ್ಕಿತು. ಅತ್ತೆಗೆ ತೋರಿಸಿದಳು. ಗುರುಲಿಂಗವ್ವ ಕನ್ನಡಕ ಸರಿಮಾಡಿಕೊಂಡು ನೋಡಿದಳು.

“ಹುಡುಗಿ ಅಳಾಕತ್ತಾಳೇನು?”

“ಹೂಂ, ಅತ್ತಿ.”

“ಅದರದೇನ ತಪ್ಪಿಲ್ಲ, ಪಾಪ,” ಎಂದಳು ಮುದುಕಿ. ಕನ್ನಡಕ ತೆಗೆಯುತ್ತ, “ಇರ್ಲಿ. ಅವಂಗ ಈ ಫೋಟೊ ಮುಟ್ಟಿರತೈತಲ್ಲ?”

“ಮುಟ್ಟಿರತೈತಿ.”

“ದಿನಾ ನೋಡ್ಲಿ.”

ಬಸವೇಶ್ವರಿ ಫೋಟೊ ಮುಚ್ಚಿ ಆ ಕರಾವಳಿಯ ಉಪಗ್ರಹ ಚಿತ್ರ ತೆರೆದಳು. ಶಿವಪ್ರಕಾಶನನ್ನು ಹೂಳಿದ ಜಾಗ ಇನ್ನೂ ಸಿಕ್ಕಿರಲಿಲ್ಲ. ಅದನ್ನೂ ಅವಳೇ ಹುಡುಕುತ್ತಿದ್ದಳು.