ಹತ್ತು ಗಂಟೆಯ ಫೋನು

ಪಕ್ಕದ ದೇಶದ ಬಗ್ಗೆ ನಮ್ಮ ಸರ್ಕಾರದ ನೀತಿ ಏನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಮಾತು: ಕೋಳಿ ಸಾಕಣೆ. ನಗಬೇಡಿ. ಆ ನೀತಿಯನ್ನು ದಿನಾ ಬೆಳಿಗ್ಗೆ ಗಂಟಲು ಸರಿಮಾಡಿಕೊಂಡು ಓದುವವಳು ನಾನೇ.

ಅಲ್ಲಿ ಸರ್ಕಾರ ಅನ್ನುವುದು ಬಾಡಿಗೆ ಮನೆಯ ಹಾಗೆ, ಇವತ್ತು ಒಬ್ಬರು, ನಾಳೆ ಇನ್ನೊಬ್ಬರು. ನಡುವೆ ಒಂದು ಹೊಳೆ, ಹೊಳೆಗೊಂದು ಸೇತುವೆ, ಎರಡೂ ದಂಡೆಯಲ್ಲಿ ಒಂದೇ ಭಾಷೆ. ಸೇತುವೆ ಮುಚ್ಚಿದರೆ ಜನ ಸಾಯುತ್ತಾರೆ, ತೆರೆದರೆ ಬಂದೂಕು ಬರುತ್ತದೆ ಎಂದು ನಮ್ಮ ದೊಡ್ಡವರು ತಲೆ ಕೆಡಿಸಿಕೊಂಡು, ಹಾವೂ ಸಾಯದ ಕೋಲೂ ಮುರಿಯದ ಉಪಾಯವೊಂದನ್ನು ಹುಡುಕಿದರು. ಎರಡೂ ಗಡಿ ಕಚೇರಿಗಳ ನಡುವೆ ಒಂದು ಫೋನು. ಹತ್ತು ಗಂಟೆಗೆ ನಾವು ಮಾಡಬೇಕು, ಅವರು ಎತ್ತಬೇಕು. ರಾಜಕೀಯವಿಲ್ಲದ ಯಾವುದಾದರೂ ಪುಸ್ತಕದಿಂದ ನಾವೊಂದು ತುಣುಕು, ಅವರೊಂದು ತುಣುಕು ಓದಬೇಕು. ಬೇರೆ ಒಂದಕ್ಷರ ಆಡುವಂತಿಲ್ಲ. ಅವರು ಓದಿದರೆ ಅಲ್ಲಿ ಎಲ್ಲವೂ ಯಾರದೋ ಹತೋಟಿಯಲ್ಲಿದೆ ಎಂದು ಅರ್ಥ, ಸೇತುವೆ ತೆರೆದಿರುತ್ತದೆ. ಓದದಿದ್ದರೆ ಗೇಟು ಬಂದ್.

ನಮ್ಮದು ಕೋಳಿ ಪುಸ್ತಕ, ಅವರದು ಹೆಣಿಗೆ ಪುಸ್ತಕ. ಓದುತ್ತಿದ್ದವಳು ಒಬ್ಬ ಹೆಂಗಸು. ಹೆಸರು ಗೊತ್ತಿಲ್ಲದ್ದರಿಂದ ನಾನು ಮನಸ್ಸಿನಲ್ಲೇ ಸೂಜಿಯಕ್ಕ ಎಂದು ಕರೆಯುತ್ತಿದ್ದೆ. ಅಲ್ಲಿ ಎಷ್ಟು ಸರ್ಕಾರ ಬಿದ್ದರೂ ಅವಳ ಕುಣಿಕೆ ಮಾತ್ರ ಒಂದೂ ಜಾರಲಿಲ್ಲ. ಅವಳಿಗೆ ಮಕ್ಕಳಿದ್ದಾರಾ? ಬಿಳಿ ಕೂದಲು ಬಂದಿದೆಯಾ? ಕುತೂಹಲ ನನಗೆ ಹುಟ್ಟು ರೋಗ, ಆದರೆ ಕೇಳುವ ಹಾಗಿಲ್ಲವಲ್ಲ! ಕೊನೆಗೆ ತಡೆಯಲಾರದೆ ಉಣ್ಣೆ, ಸೂಜಿ ತಂದು ಅವಳು ಓದಿದ್ದನ್ನೇ ಹೆಣೆಯತೊಡಗಿದೆ. ನೀಲಿ ಮೈಯ ಸ್ವೆಟರು, ಎದೆಯ ಮೇಲೆ ಬಿಳಿ ಮೆಟ್ಟಿಲಿನ ಚಿತ್ತಾರ. ತೋಳಿನ ಪುಟ ಇನ್ನೂ ಬಂದಿರಲಿಲ್ಲ, ನಾನು ಹಾಗೇ ಹಾಕಿಕೊಂಡು ತಿರುಗುತ್ತಿದ್ದೆ.

ನಮ್ಮ ಕಚೇರಿಯಲ್ಲಿ ಸಂಕೇತ ಬಿಡಿಸುವವನೊಬ್ಬನಿದ್ದಾನೆ, ಎಲ್ಲರೂ ಪಂಡಿತ ಎನ್ನುತ್ತೇವೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. "ಎರಡು ಸೀದಾ, ಒಂದು ಉಲ್ಟಾ ಅಂದ್ರೆ ಎರಡು ಟ್ಯಾಂಕ್ ಮುಂದೆ, ಒಂದು ಹಿಂದೆ ಕಣಮ್ಮ," ಎನ್ನುತ್ತಿದ್ದ.

"ಅಲ್ವೋ ಮಾರಾಯ, ನನ್ನ ಮೈಮೇಲೆ ಇರೋದು ಟ್ಯಾಂಕಾ?" ಎಂದರೆ ಸ್ವೆಟರನ್ನೇ ಅನುಮಾನದಿಂದ ನೋಡುತ್ತಿದ್ದ.

ಒಂದು ದಿನ ಬೆಳಿಗ್ಗೆಯಿಂದ ಅವರ ರೇಡಿಯೋದಲ್ಲಿ ಬರೀ ಬ್ಯಾಂಡು. ಮತ್ತೊಂದು ಸರ್ಕಾರ ಮಗುಚಿತ್ತು. ಕಿಟಕಿಯಿಂದ ನೋಡಿದರೆ ಸೇತುವೆಯ ಆ ತುದಿಯಲ್ಲಿ ಗಂಟುಮೂಟೆ, ಮಕ್ಕಳು, ಸೈಕಲ್ಲು, ಜನವೋ ಜನ. "ಫೋನ್ ಎತ್ತಲಿಲ್ಲ ಅಂದ್ರೆ ಆ ಕ್ಷಣ ಗೇಟ್ ಹಾಕಿಬಿಡಿ," ಎಂದು ರಾಜಧಾನಿಯಿಂದ ನಮ್ಮ ಸಾಹೇಬರಿಗೆ ಅಪ್ಪಣೆ ಬಂದಿತ್ತು.

ನಾನು ಫೋನು ಮಾಡಿದೆ. ರಿಂಗಾಯಿತು, ಆಗುತ್ತಲೇ ಇತ್ತು. ಕೊನೆಗೆ ಯಾರೋ ಎತ್ತಿದರು.

"ಹಾಂ," ಎಂದಿತು ಒಂದು ಗಂಡಸಿನ ದನಿ.

ಸೂಜಿಯಕ್ಕ ಎಲ್ಲಿ? ಏನು ಮಾಡಿದರು ಅವಳನ್ನು? ಕೇಳಿದರೆ ನಿಯಮ ಮುರಿದಂತೆ. ಹಲ್ಲು ಕಚ್ಚಿಕೊಂಡು ಕೋಳಿಗಳ ಮೇವಿನ ತಟ್ಟೆ ತೊಳೆಯುವ ವಿಧಾನ ಓದಿದೆ. ಆ ಕಡೆಯಿಂದ ಓದು ಶುರುವಾಗಲಿಲ್ಲ. ಸಾಹೇಬರ ಕೈ ಗೇಟಿನ ಫೋನಿನ ಕಡೆ ಹೋಯಿತು. ಆಗ ಹಾಳೆ ಮಗುಚುವ ಸದ್ದು ಕೇಳಿಸಿತು.

"ತೋಳಿಗೆ... ನಲವತ್ತು ಕುಣಿಕೆ... ಹಾಕಿಕೊಳ್ಳಿ," ಎಂದು ಅವನು ಓದಿದ. ಮೊದಲ ತರಗತಿಯ ಮಗುವಿನಂತೆ, ಒಂದೊಂದೇ ಪದ.

"ಇದು ಆ ಹೆಂಗಸಲ್ಲ, ಲೆಕ್ಕಕ್ಕಿಲ್ಲ! ಗೇಟ್ ಹಾಕ್ಸಿ ಸಾರ್," ಎಂದ ಪಂಡಿತ.

"ಯಾರು ಓದಬೇಕು ಅಂತ ನಿಯಮದಲ್ಲಿ ಎಲ್ರೀ ಇದೆ?" ಎಂದರು ಸಾಹೇಬರು. "ಓದ್ತಾ ಇದಾನಲ್ಲ, ಸಾಕು." ಅವರ ಕೈ ಮೇಜಿಗೆ ಮರಳಿತು.

ವಿಚಿತ್ರವೆಂದರೆ ಆ ಮನುಷ್ಯ ನಿಲ್ಲಿಸಲೇ ಇಲ್ಲ. ಒಂದು ತುಣುಕು ಸಾಕಿತ್ತು, ಅವನು ಪುಟದ ಮೇಲೆ ಪುಟ ಓದಿದ. ಗಂಟಲು ಒಣಗಿತು, ನೀರು ಕುಡಿದ, ಮತ್ತೆ ಓದಿದ. ಆ ಕಡೆಯವರು ಓದುತ್ತಿರುವಾಗ ನಾವು ಲೈನು ಕಡಿಯುವಂತಿಲ್ಲ, ಗೇಟು ಮುಟ್ಟುವಂತಿಲ್ಲ. ಪಂಡಿತನಿಗೆ ಬರೆದೂ ಬರೆದೂ ಕೈ ಸೋತಿತು. ಇವನಿಗೇನು ಬಂತು, ಯಾತಕ್ಕೆ ಹೀಗೆ ಓದುತ್ತಾನೆ ಎಂದು ನನ್ನ ತಲೆಗೆ ಹುಳ ಬಿಟ್ಟಂತಾಯಿತು. ಮಧ್ಯಾಹ್ನದ ಹೊತ್ತಿಗೆ ಜನರೆಲ್ಲ ದಾಟಿ ಸೇತುವೆ ಬರಿದಾದ ಮೇಲೆ ಅವನು ಫೋನಿಟ್ಟ.

ನಾನು ಸೀದಾ ಸೇತುವೆಯ ಬಳಿಗೆ ಓಡಿದೆ. ದಾಟಿ ಬಂದವರಲ್ಲಿ ಯಾರಾದರೂ ಅವಳನ್ನು ಬಲ್ಲವರಿದ್ದಾರೇನೋ ಎಂಬ ಆಸೆ. ನೀರಿನ ನಲ್ಲಿಯ ಹತ್ತಿರ ಕೂತಿದ್ದ ಕುಳ್ಳು ಹೆಂಗಸೊಬ್ಬಳು ನನ್ನ ಮುಖ ನೋಡಲಿಲ್ಲ, ಎದೆಯ ಮೇಲಿನ ಬಿಳಿ ಮೆಟ್ಟಿಲು ನೋಡಿದಳು. ಎದ್ದು ಬಂದು ಬೆರಳಿನಿಂದ ಸಾಲು ಸವರಿದಳು.

"ಕೋಳಿಯಮ್ಮ?" ಎಂದಳು.

ಅಯ್ಯೋ, ಅದೇ ದನಿ! ಇಬ್ಬರೂ ತಬ್ಬಿಕೊಂಡು ಹುಚ್ಚರ ಹಾಗೆ ಅತ್ತೆವು. ಅವಳ ಕೂದಲು ಅರ್ಧ ಬೆಳ್ಳಗಾಗಿತ್ತು.

"ನಿಮ್ಮ ಕೋಳಿ ಪುಸ್ತಕದಿಂದ ಕೆಟ್ಟೆ ಕಣ್ರೀ," ಎಂದಳು. "ನಮ್ಮಲ್ಲೂ ಒಬ್ಬ ಸಂಕೇತ ಬಿಡಿಸೋನಿದಾನೆ. ಮೊಟ್ಟೆ ಅಂದ್ರೆ ಬಾಂಬು, ಇವಳು ಗೂಢಚಾರಿಣಿ ಅಂತ ಹೊಸಬರಿಗೆ ಹೇಳ್ಬಿಟ್ಟ. ಬೆಳಿಗ್ಗೆ ಹಿಡಿಯೋಕೆ ಬರೋರಿದ್ರು."

"ಹಂಗಾದ್ರೆ ಓದಿದ್ದು ಯಾರು?"

"ನಮ್ಮನೆಯವರು. ಲೈನ್‌ಮನ್ನು. ಅವರು ಜನ್ಮದಲ್ಲಿ ಪುಸ್ತಕ ಮುಟ್ಟಿದೋರಲ್ಲ. ಯಾರೂ ಎತ್ತದಿದ್ರೆ ನೀವು ಗೇಟ್ ಹಾಕ್ತೀರಲ್ಲ? 'ನೀನು ದಾಟೋವರೆಗೂ ಓದ್ತಾನೇ ಇರ್ತೀನಿ, ಹೋಗು' ಅಂದ್ರು." ಅವಳು ಹೊಳೆಯಾಚೆ ನೋಡಿದಳು. "ಆ ತಂತಿ ಗೊತ್ತಿರೋರು ಅವರೊಬ್ಬರೇ. ಅವರನ್ನ ಏನೂ ಮಾಡಲ್ಲ, ಅಲ್ವಾ?"

ನಾನು ಅವಳ ಗಂಟು ಎತ್ತಿಕೊಂಡೆ. ಮನೆಗೆ ಕರೆದುಕೊಂಡು ಹೋದೆ.

ಮರುದಿನ ಬೆಳಿಗ್ಗೆ ಅವಳನ್ನು ಕಚೇರಿಗೆ ಕರೆತಂದು ನನ್ನ ಕುರ್ಚಿಯಲ್ಲಿ ಕೂರಿಸಿ, ಕೋಳಿ ಪುಸ್ತಕ ಕೈಗಿಟ್ಟೆ. ಸಾಹೇಬರು ಹುಬ್ಬೇರಿಸಿದರು.

"ಯಾರು ಓದಬೇಕು ಅಂತ ನಿಯಮದಲ್ಲಿ ಎಲ್ಲಿದೆ ಸಾರ್?" ಎಂದೆ.

ಸಾಹೇಬರು ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಪೇಪರು ಹಿಡಿದುಕೊಂಡು ಕಿಟಕಿಯ ಬಳಿಗೆ ಹೋದರು.

ರಿಂಗಾಯಿತು. ನಾನು ಅವಳ ಭುಜ ಬಿಗಿಯಾಗಿ ಹಿಡಿದಿದ್ದೆ. ಆ ಕಡೆ ಎತ್ತಿದ ಸದ್ದು.

"ಹಾಂ."

ಅವಳು ಕಣ್ಣು ಮುಚ್ಚಿ ತೆರೆದು ಓದಿದಳು: "ಜಂತುಹುಳುವಾದಾಗ ಕೋಳಿಗಳು ಮೇವು ಕಡಿಮೆ ತಿನ್ನುತ್ತವೆ. ಮೂರು ತಿಂಗಳಿಗೊಮ್ಮೆ ಔಷಧಿ ಕೊಡಬೇಕು." ದನಿ ಒಂದಿಷ್ಟೂ ನಡುಗಲಿಲ್ಲ.

ಆ ಕಡೆ ಮೂಗು ಒರೆಸಿಕೊಂಡ ಸದ್ದಾಯಿತು. ಆಮೇಲೆ ಅವನು ಹಾಳೆ ತೆಗೆದು ಓದಿದ: "ತೋಳಿಗೆ ನಲವತ್ತು ಕುಣಿಕೆ ಹಾಕಿಕೊಳ್ಳಿ." ನಿನ್ನೆಗಿಂತ ಸರಾಗವಾಗಿ ಓದುತ್ತಿದ್ದ.

"ನಿನ್ನೆ ಓದಿದ್ದನ್ನೇ ಯಾಕೆ ಮತ್ತೆ ಓದ್ತಿದಾನೆ? ಏನೋ ಇದೆ ಇದ್ರಲ್ಲಿ," ಎಂದ ಪಂಡಿತ ಪೆನ್ಸಿಲು ಎತ್ತಿಕೊಂಡು.

"ಸ್ವೆಟರಿಗೆ ತೋಳು ಎರಡಿರ್ತವೆ ಕಣೋ, ಸುಮ್ನಿರು," ಎಂದು ಗದರಿದೆ.

ಫೋನಿಟ್ಟ ಮೇಲೆ ಸಾಹೇಬರು ಬೆನ್ನು ತಿರುಗಿಸಿಕೊಂಡೇ ಕೇಳಿದರು, "ಲೈನು?"

"ಇದೆ ಸಾರ್."

"ಹಂಗಾದ್ರೆ ಗೇಟ್ ತೆಗೆದಿರಲಿ."

ಸೂಜಿಯಕ್ಕ ಎದ್ದಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಕೋಳಿ ಪುಸ್ತಕದ ಹಾಳೆ ಮಗುಚುತ್ತಿದ್ದಳು.

"ನಾಳೆ ಯಾವ ಪುಟ?" ಎಂದು ಕೇಳಿದಳು.