ಚೈನು ಕರಕರ ಅನ್ನಲಿಲ್ಲ

ಜೀವಮಾನವಿಡೀ ಬಸ್ಸು ಓಡಿಸಿದ ಗಂಡಸನ್ನು ಹಿಂದೆ ಕೂರಿಸಿಕೊಂಡು ಸೈಕಲ್ ತುಳಿಯೋದು ಅಂದರೆ ಏನು ಅಂತ ನನ್ನನ್ನ ಕೇಳಿ. ನಮ್ಮ ಯಜಮಾನರಿಗೆ ಕಣ್ಣು ಹೋದಮೇಲೆ ಮಗಳು ಇಬ್ಬರು ತುಳಿಯುವ ಉದ್ದನೆಯ ಸೈಕಲ್ ತಂದುಕೊಟ್ಟಳು. ಮುಂದೆ ನಾನು, ಹಿಂದೆ ಇವರು. ಹ್ಯಾಂಡಲ್ಲು, ಬ್ರೇಕು, ಗೇರು ಎಲ್ಲಾ ನನ್ನ ಕೈಲಿ. ನನ್ನ ಪೆಡಲ್ ತಿರುಗಿದರೆ ಇವರದೂ ತಿರುಗಲೇಬೇಕು, ಹಾಗೆ ಚೈನು ಕಟ್ಟಿದ್ದಾರೆ. ಸಂಸಾರದಲ್ಲಿ ಆಗದ್ದು ಸೈಕಲ್ಲಲ್ಲಾದರೂ ಆಯ್ತಲ್ಲ ಅಂತ ಮಗಳು ನಕ್ಕಳು.

ಆಮೇಲೆ ಇವರಿಗೆ ಎದೆನೋವು ಬಂತು. ಸೈಕಲ್ ಬಿಡಬೇಕಾಗಿಲ್ಲ, ಆದರೆ ಒತ್ತಿ ತುಳಿಯಬಾರದು ಅಂದರು ಡಾಕ್ಟರು. ಸಪಾಟು ರಸ್ತೇಲೂ ಹಗುರ ಗೇರಲ್ಲಿ ಕಾಲು ಚುರುಕಾಗಿ ಆಡಿಸಬೇಕು, ಏರು ಬರೋ ಮೊದಲೇ ಇನ್ನೂ ಹಗುರ ಮಾಡಿಕೊಳ್ಳಬೇಕು. ಇವರಿಗೆ ಅದು ಅವಮಾನ. ಭಾರದ ಗೇರಲ್ಲಿ ನಿಧಾನಕ್ಕೆ ದಮ್ಮು ಹಾಕಿ ತುಳಿದರೇನೇ ತುಳಿತವಂತೆ, ನನ್ನದು ಹೊಲಿಗೆ ಮೆಷಿನ್ ತುಳಿದ ಹಾಗಂತೆ. ನಾನು ಟೈಲರು, ಅದಕ್ಕೇ ಆ ಕುಹಕ.

ಗೇರು ಬದಲಾಯಿಸುವಾಗ ಇಬ್ಬರೂ ಒತ್ತೋದು ಬಿಟ್ಟು ಬರೀ ಕಾಲು ತಿರುಗಿಸಬೇಕು, ಇಲ್ಲದಿದ್ದರೆ ಚೈನು ಕರಕರ ಹಲ್ಲು ಕಡಿಯುತ್ತೆ. ನಾನು "ಸಡಿಲ" ಅಂತ ಕೂಗೋದು, ಇವರು "ಹ್ಞೂಂ" ಅನ್ನೋದು. ಬಾಯಲ್ಲಿ ಹ್ಞೂಂ, ಕಾಲಲ್ಲಿ ಉಹ್ಞೂಂ. ಒಂದು ದಿನವಾದರೂ ಸಡಿಲ ಬಿಟ್ಟ ಪುಣ್ಯಾತ್ಮರಲ್ಲ. ಚೈನು ಹಾಳಾಗ್ತಿದೆ ಅಂತ ಸೈಕಲ್ ಶಾಪಿನವನು ಗೊಣಗೋನು, ನಾನು ಅದನ್ನ ತಂದು ಇವರ ತಲೆ ಮೇಲೆ ಸುರಿಯುತ್ತಿದ್ದೆ.

ಆವತ್ತು ಮಗಳ ಮನೆಗೆ ಹೊರಟಿದ್ದೆವು. ದಾರೀಲಿ ಒಂದು ಉದ್ದನೆಯ ಏರು. ಅದರ ಬುಡದಲ್ಲಿ ಗೇರು ಇಳಿಸಬೇಕು ಅನ್ನುವಷ್ಟರಲ್ಲಿ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಮೈಮೇಲೇ ಬಂತು. ಸೈಕಲ್ ಅಂಚಿಗೆ ತಂದು ಸಂಭಾಳಿಸೋದರಲ್ಲಿ ಏರು ಶುರುವಾಗಿಹೋಯಿತು, ಗೇರು ಮಾತ್ರ ಸಪಾಟಿನದೇ ಉಳಿಯಿತು. ನನ್ನ ತೊಡೆ ಉರಿಯುತ್ತಿತ್ತು. ಹಿಂದಿನಿಂದ ಇವರು ದಮ್ಮು ಹಾಕಿ ಒತ್ತುತ್ತಿದ್ದದ್ದು ನನ್ನ ಪಾದಕ್ಕೆ ಗೊತ್ತಾಗುತ್ತಿತ್ತು.

ಅರ್ಧ ಏರಿಗೆ "ಸಡಿಲ" ಅಂದೆ. ಹ್ಞೂಂ ಬರಲಿಲ್ಲ. ಇನ್ನೊಂದು ಸಲ ಅಂದೆ. ಇಲ್ಲ. ಮುನಿಸಿಕೊಂಡಿರಬೇಕು ಅಂದುಕೊಂಡು ಗೇರಿನ ಲಿವರ್ ಒತ್ತಿದೆ. ಚೈನು ಕರಕರ ಅನ್ನಲಿಲ್ಲ. ಸದ್ದಿಲ್ಲದೆ ಜಾರಿ ಹಗುರದ ಹಲ್ಲಿಗೆ ಕೂತುಬಿಟ್ಟಿತು.

ಅಂದರೆ, ಇವರು ಒತ್ತುತ್ತಲೇ ಇಲ್ಲ. ಹಿಂದೆ ಬರೀ ಕಾಲು ತಿರುಗುತ್ತಿವೆ, ಅವನ್ನೂ ನಾನೇ ತಿರುಗಿಸುತ್ತಿದ್ದೇನೆ.

ನಿಲ್ಲಿಸೋ ಹಾಗಿಲ್ಲ. ಇವರ ಪಾದಗಳನ್ನ ಪಟ್ಟಿ ಹಾಕಿ ಪೆಡಲಿಗೆ ಬಿಗಿದಿದೆ. ನಿಲ್ಲಿಸಿದರೆ ಆ ಭಾರ ನನ್ನಿಂದ ತಡೆಯೋಕಾಗಲ್ಲ, ಸೈಕಲ್ ರಸ್ತೆಗೇ ಮಗುಚುತ್ತೆ. ತಿರುಗಿ ನೋಡೋಣ ಅಂದರೆ ಹ್ಯಾಂಡಲ್ ಓಲಾಡುತ್ತೆ. ಅಷ್ಟರಲ್ಲಿ ಬೆನ್ನಿಗೆ ಇವರ ಹಣೆ ಬಂದು ಒರಗಿತು. ರೀ, ಬೈಯಿರಿ, ಏನಾದರೂ ಬೈಯಿರಿ ಅಂತ ಬೇಡಿಕೊಂಡೆ. ನಾನು ಹೆಣದ ಕಾಲು ತಿರುಗಿಸ್ತಿದ್ದೀನಾ ಅಂತ ಒಂದು ಯೋಚನೆ ಬಂತು. ಬಂದದ್ದು ಹೋಗಲಿಲ್ಲ. ಹೊಲಿಗೆ ಮೆಷಿನ್ ತುಳಿದ ಹಾಗೇ ತುಳಿದೆ, ಬೇರೆ ದಾರಿ ಇರಲಿಲ್ಲ.

ಏರಿನ ತುದೀಲಿ ಟೈರ್ ಅಂಗಡಿ. ಅದರ ಗೋಡೆಗೆ ಸೈಕಲ್ ಒರಗಿಸಿ ಕಿರುಚಿಕೊಂಡೆ. ಅಂಗಡಿಯವನು ಓಡಿಬಂದು ಇವರನ್ನ ಹಿಡಿದುಕೊಂಡ. ಮುಖ ಬೂದಿಯಾಗಿತ್ತು, ಅಂಗಿಯೆಲ್ಲ ಬೆವರು. ಉಸಿರಿತ್ತು.

"ಯಾಕ್ರೀ ಮಾತಾಡಲಿಲ್ಲ?"

"ಬಾಯಿ ಬಿಟ್ಟಿದ್ದರೆ ನರಳ್ತಿದ್ದೆ. ನೀನು ಅಲ್ಲೇ ನಿಲ್ಲಿಸಿಬಿಡ್ತಿದ್ದೆ. ಹಿಂದೆ ಇನ್ನೊಂದು ಲಾರಿ ಬರೋದು ಕೇಳಿಸ್ತಿತ್ತು."

ಅಂಗಡಿಯವನ ವ್ಯಾನಿನಲ್ಲೇ ಆಸ್ಪತ್ರೆ ಸೇರಿಸಿದೆವು. ಇವರು ಉಳಿದುಕೊಂಡರು.

ತಿಂಗಳುಗಳಾದ ಮೇಲೆ ಡಾಕ್ಟರು ಒಪ್ಪಿದರು ಅಂತ ಸೈಕಲ್ ಮತ್ತೆ ಹೊರಗೆ ತೆಗೆದೆವು. ಶಾಪಿನವನು ಹೊಸ ಚೈನು, ಹೊಸ ಗೇರು ಹಾಕಿಟ್ಟಿದ್ದ. ಎಷ್ಟೇ ಒತ್ತಿ ತುಳಿಯಿರಿ, ಇನ್ನು ಸದ್ದು ಬಂದರೆ ಕೇಳಿ ಅಂತ ಬೀಗಿದ. ಸಪಾಟು ರಸ್ತೇಲಿ ಸ್ವಲ್ಪ ದೂರ ಹೋಗಿ "ಸಡಿಲ" ಅಂದೆ. "ಹ್ಞೂಂ" ಅಂದರು. ಗೇರು ಸದ್ದಿಲ್ಲದೆ ಬಿತ್ತು. ಈ ಚೈನಿಗೆ ಇವರು ಒತ್ತಿದರೂ ಒಂದೇ, ಬಿಟ್ಟರೂ ಒಂದೇ, ಸದ್ದೇ ಮಾಡಲ್ಲ. ನೋವನ್ನ ನುಂಗೋ ಬಾಯಿ ಅದು, ಅದರ ಹ್ಞೂಂ ಇಟ್ಟುಕೊಂಡು ನಾನೇನು ಮಾಡಲಿ? ನಿಲ್ಲಿಸಿ ತಿರುಗಿ ನೋಡಿದೆ. ಹಲ್ಲು ಕಿರಿದುಕೊಂಡು ಕೂತಿದ್ದರು.

ಸೈಕಲ್ ತಿರುಗಿಸಿಕೊಂಡು ಶಾಪಿಗೇ ವಾಪಸ್ ಬಂದೆ. ಹಳೇ ಚೈನು, ಹಳೇ ಗೇರು ಹಾಕಿಕೊಡು ಅಂದೆ. ಅದರ ಹಲ್ಲೆಲ್ಲಾ ಸವೆದಿದೆ, ಒತ್ತಿದರೆ ಸಾಕು ಕರಕರ ಅನ್ನುತ್ತೆ ಅಂತ ಅವನು ತಿಳಿಹೇಳೋಕೆ ನೋಡಿದ.

"ಅನ್ನಲಿ ಬಿಡಪ್ಪ, ನನಗೆ ಕೇಳಿಸಬೇಕು" ಅಂದೆ.