ಅಪ್ಪನ ನೌಕರಿ

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಹಿಟ್ನಾಳದ ಆಚೆಯ ತೋಟದಲ್ಲಿ ಗಾಳೇಶ ಹೊತ್ತು ಮೂಡುವ ಮೊದಲೇ ಹಿಪ್ಪುನೇರಳೆ ಕೊಯ್ದು ತಂದಿದ್ದ. ರೇಷ್ಮೆಹುಳುಗಳು ಇನ್ನು ಮೂರು ದಿನಕ್ಕೆ ಗೂಡು ಕಟ್ಟುವವು. ಸೊಪ್ಪು ಹರಡಿದ ಕೂಡಲೇ ಶೆಡ್ಡಿನ ತುಂಬ ಸರಸರ ಸದ್ದು. ಆ ಸದ್ದು ಕೇಳಿಯೇ ಹುಳುಗಳ ಕ್ಷೇಮ ಹೇಳುವಷ್ಟಾಗಲು ಅವನು ಎರಡು ಬೆಳೆ ಕೆಡಿಸಿಕೊಂಡಿದ್ದ.

ಹೊರಗೆ ಬೈಕು ನಿಂತಿತು. ಸೋದರಮಾವ ಪಂಪಾಪತಿ. ಮನೆಯೊಳಗಿಂದ ಅವ್ವ ಪಂಪಮ್ಮ, ಕಾಗದಪತ್ರಗಳ ಚೀಲ ಹಿಡಿದ ತಂಗಿ ಹೇಮಾ ಬಂದರು.

ಕೊಪ್ಪಳದ ಕಚೇರಿಯೊಂದರಲ್ಲಿ ಜವಾನನಾಗಿದ್ದ ಅಪ್ಪ ಸೇವೆಯಲ್ಲಿರುವಾಗಲೇ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಅನುಕಂಪದ ನೌಕರಿಗೆ ವರ್ಷದೊಳಗೆ ಅರ್ಜಿ ಕೊಡಬೇಕು. ಮನೆಗೆ ಒಂದೇ ನೌಕರಿ.

“ಅರ್ಜಿಗೆ ಸೈ ಹಾಕಪಾ ಅಳಿಯ. ಹುಳಾ ಮೇಸಾವಂಗ ಹೆಣ್ಣು ಯಾರು ಕೊಡ್ತಾರ?”

“ನಾ ಎಲ್ಲಿ ಕೇಳೀನ್ರಿ ಮಾವ?”

“ನಗಚಾಟಗಿ ಬ್ಯಾಡ. ಸರ್ಕಾರಿ ನೌಕರಿ ಅಂದ್ರ ಸಾಯೋತನಕ ಚಿಂತಿಲ್ಲ.”

“ಅಪ್ಪಗ ಚಿಂತಿ ಇರಲಿಲ್ಲ ಅಂತೀರೇನು? ದಿನಾ ಮುಂಜಾನೆ ಬಸ್ ಹತ್ತೋವಾಗ ಅವನ ಮಾರಿ ಹೆಂಗಾಗ್ತಿತ್ತು, ನಾ ನೋಡೀನ್ರಿ.”

ಗಾಳೇಶ ಅರ್ಜಿ ತಿರುವಿದ. ಅವನ ಹೆಸರು, ಹುಟ್ಟಿದ ದಿನ, ಎಲ್ಲವೂ ಹೇಮಾಳ ಮುತ್ತಿನಂಥ ಅಕ್ಷರದಲ್ಲಿ. ಬಿ.ಕಾಂ. ಮುಗಿಸಿದ ಆಕೆಯೇ ವಂಶವೃಕ್ಷಕ್ಕೆ, ಮರಣಪತ್ರಕ್ಕೆ ಅಲೆದಿದ್ದಳು. ಯಾವ ಟೇಬಲ್ಲಿನ ಮೇಲೆ ಫೈಲು ಯಾಕೆ ನಿಂತಿದೆ, ಹೇಗೆ ಸರಿಸಿ ಬಂದೆ ಎಂದು ಸಂಜೆ ಉಮೇದಿನಿಂದ ಹೇಳುತ್ತಿದ್ದಳು.

“ಹೇಮಾ, ಈ ನೌಕರಿ ನಿನಗ ಬೇಕೇನು?”

ಆಕೆ ಅವ್ವನ ಮುಖ ನೋಡಿದಳು. “ಇಷ್ಟು ದಿನ ಯಾರೂ ಕೇಳಲಿಲ್ಲ.”

“ಈಗ ಕೇಳಾಕತ್ತೀನಿ.”

“ಬೇಕಣ್ಣ.”

“ನಾಳೆ ಮದಿವ್ಯಾಗಿ ಹೋದ್ರ ಪಗಾರ ಯಾರ ಮನಿಗೆ?” ಪಂಪಾಪತಿ ಕೇಳಿದ.

“ಅಕಿ ದುಡಿದಿದ್ದು ಅಕಿ ಮನಿಗೆ,” ಎಂದ ಗಾಳೇಶ.

“ನನ್ನ ಯಾರು ನೋಡ್ತಾರೋ?” ಎಂದಳು ಪಂಪಮ್ಮ.

“ಹುಳಕ್ಕ ದಿನಾ ನಾಕು ಹೊತ್ತು ಹಾಕ್ತೀನಬೇ. ನಿನಗ ಎಲ್ಡು ಹೊತ್ತು ಹಾಕಾಕ ಆಗಂಗಿಲ್ಲೇನು?”

ಅವ್ವ ನಗಲಿಲ್ಲ. “ಬೆಳಿ ಕೆಟ್ರ?”

“ಕೆಟ್ಟಿದ್ವಲ್ಲ, ಮತ್ತ ಹುಳಾ ತಂದೆ. ಇದನ್ನ ಬಿಟ್ಟು ನಾ ಎಲ್ಲೂ ಹೋಗಂಗಿಲ್ಲ.”

ಅವನು ಚೀಲದಿಂದ ಬಿಳಿ ಹಾಳೆ ತೆಗೆದು, ನೌಕರಿ ತಂಗಿಗೆ ಕೊಡಲು ತನ್ನ ತಕರಾರಿಲ್ಲ ಎಂದು ಬರೆದು ಸಹಿ ಮಾಡಿದ. ಅಂಚಿಗೆ ಸೊಪ್ಪಿನ ಹಸಿರು ಹತ್ತಿತು. ಹೇಮಾ ಅಲ್ಲೇ ಕುಳಿತು ಇನ್ನೊಂದು ಅರ್ಜಿ ತುಂಬಿದಳು. ಅದಕ್ಕೆ ಅವ್ವನ ಒಪ್ಪಿಗೆಯೂ ಬೇಕಿತ್ತು. ಪಂಪಾಪತಿ ಬೈಕಿನ ಬಳಿ ಮುಖ ತಿರುಗಿಸಿ ನಿಂತ. ಪಂಪಮ್ಮ ಪೆನ್ನು ಹಿಡಿದಳು, ಸಹಿ ಮಾಡಲಿಲ್ಲ.

“ಏನ್ ಬರದಿ, ಓದು,” ಎಂದಳು.

ಹೇಮಾ ಓದಿದಳು. ಅರ್ಜಿದಾರರ ಹೆಸರು ಬಂದಾಗ ದನಿ ಸಣ್ಣದಾಯಿತು.

“ಜೋರಾಗಿ ಓದವ. ಆಫೀಸಿನ್ಯಾಗ ಹಿಂಗ ಮಾತಾಡಿದ್ರ ಯಾರು ಕೇಳ್ತಾರ?” ಎನ್ನುತ್ತ ಪಂಪಮ್ಮ ಹಾಳೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.